ದೊಡ್ಡಮನೆಯ ನುಡಿಗಳು: ರಿಯೊ ನೆಗ್ರೊ ಮಿಶನ್ ಪ್ರಾಂತದ ಭಾಷಾಚರಿತ್ರೆ

1910ನೆಯ ಇಸವಿಯಲ್ಲಿ ಬ್ರೆಜಿಲಿನ ಆದಿವಾಸಿಗಳ ಹೊಣೆ ಹೊರಲು ಎರಡು ಸಂಸ್ಥೆಗಳು ಕೆಲವೇ ತಿಂಗಳುಗಳ ಅಂತರದಲ್ಲಿ ಮುಂದೆ ಬಂದವು. ಜೂನ್ ತಿಂಗಳಲ್ಲಿ ಗಣರಾಜ್ಯ ಸರ್ಕಾರವು ಸೇನಾಧಿಕಾರಿ ಕಾಂಡಿಡೊ ರೊಂಡೋನ್ ಅವರ ನೇತೃತ್ವದಲ್ಲಿ ಆದಿವಾಸಿ ರಕ್ಷಣಾ ಇಲಾಖೆಯನ್ನು ಸ್ಥಾಪಿಸಿತು. ಅದು ಚರ್ಚಿನಿಂದ ದೂರ ನಿಂತ, ವಿಜ್ಞಾನವನ್ನೂ ಪ್ರಗತಿಯನ್ನೂ ನಂಬಿದ ಇಲಾಖೆ. ಅಕ್ಟೋಬರ್ ತಿಂಗಳಲ್ಲಿ ರೋಮ್ ಅಮೆಜೋನಾಸ್ ಧರ್ಮಪ್ರಾಂತದಿಂದ ಒಂದು ವಿಶಾಲ ಭಾಗವನ್ನು ಬೇರ್ಪಡಿಸಿ ರಿಯೊ ನೆಗ್ರೊ ಅಪೊಸ್ತಲಿಕ್ ಪ್ರಿಫೆಕ್ಚರನ್ನು ರಚಿಸಿತು. ಇಲಾಖೆಯ ಕೈ ಆ ನದಿಯ ಮೇಲ್ಭಾಗಕ್ಕೆ ತಲುಪಿದ್ದು ತೀರ ಅಪರೂಪ. ಮುಂದಿನ ಸುಮಾರು ಎಪ್ಪತ್ತು ವರ್ಷ ಅಲ್ಲಿನ ಶಾಲೆ, ಆಸ್ಪತ್ರೆ, ಅಂಗಡಿ, ದೋಣಿಸಾರಿಗೆ, ಎಷ್ಟೋ ವೇಳೆ ನ್ಯಾಯಪಂಚಾಯಿತಿ, ಎಲ್ಲವೂ ಪ್ರಿಫೆಕ್ಚರನ್ನು ವಹಿಸಿಕೊಂಡ ಸಲೇಸಿಯನ್ ಸಭೆಯ ಕೈಯಲ್ಲಿದ್ದವು. ಈ ಆಡಳಿತದ ಭಾಷಾನೀತಿಯನ್ನು ಕುರಿತು ಬರೆದವರು ಸಾಮಾನ್ಯವಾಗಿ ಶಾಲೆಯ ಕೊಠಡಿಯತ್ತ ನೋಡುತ್ತಾರೆ. ಪೋರ್ಚುಗೀಸ್ ಭಾಷೆಯ ಹೇರಿಕೆಯನ್ನು ದಾಖಲಿಸುತ್ತಾರೆ. ಆ ಹೇರಿಕೆ ನಡೆದದ್ದು ನಿಜ. ಆದರೆ ಅಲ್ಲಿನ ನುಡಿಗಳ ಗತಿಯನ್ನು ಶಾಲೆಗಿಂತ ಮೊದಲು, ಶಾಲೆಗಿಂತ ಆಳವಾಗಿ ನಿರ್ಧರಿಸಿದ್ದು ಮನೆಯ ನಾಶ ಎಂಬುದು ಈ ಲೇಖನದ ವಾದ.

ಅಪೊಸ್ತಲಿಕ್ ಪ್ರಿಫೆಕ್ಚರ್ ಎಂಬುದು ಪೂರ್ಣ ಧರ್ಮಪ್ರಾಂತವಲ್ಲ. ಕ್ರೈಸ್ತ ಸಮುದಾಯ ಇನ್ನೂ ನೆಲೆಗೊಳ್ಳದ ನಾಡಿನಲ್ಲಿ ಪೋಪರ ಹೆಸರಿನಲ್ಲಿ ಆಡಳಿತ ನಡೆಸುವ ತಾತ್ಕಾಲಿಕ ಏರ್ಪಾಡು ಅದು. ಅದರ ಮುಖ್ಯಸ್ಥನಾದ ಪ್ರಿಫೆಕ್ಟ್ ಸಾಮಾನ್ಯವಾಗಿ ಧರ್ಮಾಧ್ಯಕ್ಷನಾಗಿರದೆ ಪಾದ್ರಿಯಾಗಿರುತ್ತಾನೆ. ಅದರ ಮೇಲಿನ ಮೆಟ್ಟಿಲು ಅಪೊಸ್ತಲಿಕ್ ವಿಕಾರಿಯೇಟ್. ಲ್ಯಾಟಿನ್ ಅಮೆರಿಕದಲ್ಲಿ ಬಹಳವಾಗಿ ಬಳಕೆಯಾದ ಇನ್ನೊಂದು ರೂಪ ಪ್ರೆಲೇಚರ್. ಕನ್ನಡ ನಾಡಿನ ಓದುಗರಿಗೆ ಈ ವ್ಯವಸ್ಥೆ ಅಪರಿಚಿತವೇನಲ್ಲ. 1845ರಲ್ಲಿ ವೆರಾಪೊಲಿಯಿಂದ ಬೇರ್ಪಟ್ಟ ಮಂಗಳೂರು, 1850ರಲ್ಲಿ ವಿಕಾರಿಯೇಟಾದ ಮೈಸೂರು, ಇವೆರಡೂ 1886ರಲ್ಲಿ ಭಾರತದ ಧರ್ಮಪ್ರಾಂತಗಳ ಶ್ರೇಣಿ ರಚನೆಯಾಗುವವರೆಗೆ ಇಂಥ ಮಿಶನ್ ಪ್ರಾಂತಗಳೇ ಆಗಿದ್ದವು. ಒಂದೊಂದು ಪ್ರಾಂತವನ್ನು ಒಂದೊಂದು ಸಭೆಗೆ ವಹಿಸಿಕೊಡುವ ಪದ್ಧತಿಯೂ ಇಲ್ಲಿ ಇತ್ತು: ಮೈಸೂರು ಪ್ಯಾರಿಸ್ಸಿನ ವಿದೇಶ ಮಿಶನ್ ಸಂಘಕ್ಕೆ ಸೇರಿತ್ತು, ಮಂಗಳೂರು ಮೊದಲು ಕಾರ್ಮೆಲೈಟರಿಗೂ 1878ರಿಂದ ಜೆಸ್ವಿಟರಿಗೂ ಸೇರಿತ್ತು. ಆದರೆ ಇಲ್ಲಿ ಮಿಶನ್ ಬಂದಾಗ ಅದರ ಮುಂದೆ ಲಿಪಿಯುಳ್ಳ, ರಾಜಾಶ್ರಯ ಕಂಡ, ಅಸಂಖ್ಯ ಜನರ ಭಾಷೆಯಿತ್ತು. ಪಾದ್ರಿ ಆ ಭಾಷೆಯನ್ನು ಕಲಿಯದೆ ಗತಿಯಿರಲಿಲ್ಲ. ರಿಯೊ ನೆಗ್ರೊದಲ್ಲಿ ಮಿಶನ್ ಎದುರಿಸಿದ್ದು ಒಂದೇ ಭಾಷೆಯನ್ನಲ್ಲ, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು. ಪ್ರತಿಯೊಂದಕ್ಕೂ ಆಡುಗರು ಕೆಲವು ನೂರು, ಹೆಚ್ಚೆಂದರೆ ಕೆಲವು ಸಾವಿರ. ಯಾವುದಕ್ಕೂ ಲಿಪಿಯಿರಲಿಲ್ಲ.

ಪ್ರಾಂತದ ವಿಸ್ತಾರ ಕರ್ನಾಟಕದ ಸುಮಾರು ಒಂದೂವರೆ ಪಟ್ಟು. ರಿಯೊ ನೆಗ್ರೊ ಎಂದರೆ ಕರಿಹೊಳೆ. ಕೊಳೆತ ಎಲೆಗಳ ಸತ್ತ್ವವನ್ನು ಹೊತ್ತು ಕಡುಚಹದ ಬಣ್ಣದಲ್ಲಿ ಹರಿಯುವ ನೀರು. ಮಣ್ಣು ಬಡಕಲು, ಮೀನು ಕಡಿಮೆ. ಮರಗೆಣಸಿನ ಒಂದು ಜಾತಿ, ವಿಷವಿರುವ ಕಹಿ ಮಾನಿಯೊಕ್, ಅಲ್ಲಿನ ಅನ್ನ. ಅದನ್ನು ತುರಿದು, ಹಿಂಡಿ, ವಿಷ ಕಳೆದು ರೊಟ್ಟಿ ಸುಡುವುದು ಹೆಂಗಸರ ದಿನವಿಡೀ ದುಡಿಮೆ. ನದಿಯ ಮೇಲ್ಭಾಗದಲ್ಲಿ ಬಲದಂಡೆಗೆ ವೌಪೇಸ್, ಇಸಾನಾ ಎಂಬ ಎರಡು ದೊಡ್ಡ ಉಪನದಿಗಳು ಬಂದು ಸೇರುತ್ತವೆ. ಎರಡೂ ಕೊಲಂಬಿಯಾದಲ್ಲಿ ಹುಟ್ಟುತ್ತವೆ. ವೌಪೇಸಿನ ಒಂದಷ್ಟು ದೂರ ನದಿಯೇ ಎರಡು ದೇಶಗಳ ಗಡಿ. ನದಿಯ ಈ ದಡದ ಹುಡುಗಿ ಆ ದಡದ ಮನೆಗೆ ಸೊಸೆಯಾಗಿ ಹೋಗುವುದು ಗಡಿಗೆರೆ ಹುಟ್ಟುವ ಮುಂಚಿನಿಂದಲೂ ನಡೆದುಬಂದದ್ದು. ಗಡಿನಾಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಲೇಸಿಯನ್ನರಿಗಿಂತ ಮುಂಚೆಯೂ ಮಿಶನ್‌ಗಳು ಬಂದುಹೋಗಿದ್ದವು. ಅವು ಬಿಟ್ಟುಹೋದ ದೊಡ್ಡ ಗುರುತು ಒಂದು ಭಾಷೆ. ಹದಿನೇಳನೆಯ, ಹದಿನೆಂಟನೆಯ ಶತಮಾನಗಳಲ್ಲಿ ಜೆಸ್ವಿಟರು ಕರಾವಳಿಯ ತುಪಿನಂಬಾ ನುಡಿಯ ಒಂದು ರೂಪವನ್ನು ಅಮೆಜಾನಿನ ಉದ್ದಕ್ಕೂ ಬೋಧನೆಯ ಭಾಷೆಯಾಗಿ ಬಳಸಿದರು. ಅದಕ್ಕೆ ‘ಸಾಮಾನ್ಯ ಭಾಷೆ’ ಎಂದು ಹೆಸರಾಯಿತು. ಮುಂದೆ ನ್ಯೆಂಗಾತು, ಅಂದರೆ ‘ಒಳ್ಳೆಯ ನುಡಿ’, ಎಂದು ಕರೆಸಿಕೊಂಡಿತು. ಲಿಸ್ಬನ್ನಿನ ಮಂತ್ರಿ ಪೊಂಬಾಲ್ 1750ರ ದಶಕದ ಕೊನೆಯಲ್ಲಿ ಅದನ್ನು ನಿಷೇಧಿಸಿ ಪೋರ್ಚುಗೀಸನ್ನು ಕಡ್ಡಾಯ ಮಾಡಿದ; 1759ರಲ್ಲಿ ಜೆಸ್ವಿಟರನ್ನೇ ಹೊರಗಟ್ಟಲಾಯಿತು. ನಿಷೇಧ ಕಾಗದದ ಮೇಲೆ ಉಳಿಯಿತು. ಭಾಷೆ ರಿಯೊ ನೆಗ್ರೊದ ವ್ಯಾಪಾರಿಗಳ, ದೋಣಿಗಾರರ ಬಾಯಲ್ಲಿ ಉಳಿಯಿತು. ಬಾರೆ ಮೊದಲಾದ ಜನರು ಕಾಲಕ್ರಮದಲ್ಲಿ ತಮ್ಮ ಅರವಾಕ್ ಕುಲದ ನುಡಿಯನ್ನು ಬಿಟ್ಟು ನ್ಯೆಂಗಾತುವನ್ನೇ ತಮ್ಮದಾಗಿಸಿಕೊಂಡರು. ಪರಕೀಯರು ತಂದ ನುಡಿ ಮೂರು ನೂರು ವರ್ಷಗಳಲ್ಲಿ ಆದಿವಾಸಿ ಅಸ್ಮಿತೆಯ ನುಡಿಯಾದ ಈ ಸಂಗತಿಯನ್ನು ಮುಂದೆ ನೆನಪಿಟ್ಟುಕೊಳ್ಳಬೇಕಾಗುತ್ತದೆ.

ಎರಡನೆಯ ಪ್ರಯತ್ನ ಇಟಲಿಯ ಫ್ರಾನ್ಸಿಸ್ಕನ್ ಪಾದ್ರಿಗಳದು, 1880ರ ದಶಕದಲ್ಲಿ. ಅದು ಕೆಲವೇ ವರ್ಷ ಬಾಳಿತು. ಮುಗಿದ ರೀತಿ ಮಾತ್ರ ಮರೆಯಲಾಗದ್ದು. ವೌಪೇಸಿನ ಜನರ ಜುರುಪಾರಿ ಆಚರಣೆಯಲ್ಲಿ ಬಳಕೆಯಾಗುವ ಪವಿತ್ರ ವಾದ್ಯಗಳನ್ನೂ ಮುಖವಾಡವನ್ನೂ ಹೆಂಗಸರು ನೋಡುವಂತಿಲ್ಲ. ನೋಡಿದರೆ ಮರಣವೇ ಶಿಕ್ಷೆ ಎಂಬ ಕಟ್ಟಳೆಯಿತ್ತು. 1883ರಲ್ಲಿ ಇಪನೊರೆ ಎಂಬಲ್ಲಿ ಪಾದ್ರಿ ಕೊಪ್ಪಿ ಅಂಥದೊಂದು ಮುಖವಾಡವನ್ನು ಇಗರ್ಜಿಯೊಳಗೆ ಹೆಂಗಸರ ಮುಂದೆ ಎತ್ತಿ ತೋರಿಸಿದ. ಅದು ಬರಿಯ ವಸ್ತು, ಅದರಲ್ಲಿ ಭೂತವಿಲ್ಲ ಎಂದು ಸಾಧಿಸುವುದು ಅವನ ಉದ್ದೇಶ. ಜನ ದಂಗೆಯೆದ್ದರು, ಪಾದ್ರಿಗಳು ನದಿಯ ಕೆಳಕ್ಕೆ ಓಡಿದರು. ಜುರುಪಾರಿಯನ್ನು ಸೈತಾನನೆಂದು ಅನುವಾದಿಸಿದ್ದು ಮಿಶನ್‌ಗಳ ಹಳೆಯ ರೂಢಿ. ಅನುವಾದ ಎಂಬುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ಇದಕ್ಕಿಂತ ಕಟುವಾದ ನಿದರ್ಶನ ಸಿಗಲಾರದು.

ಅದೇ ಕಾಲಕ್ಕೆ ರಬ್ಬರಿನ ಸುಗ್ಗಿ. ವ್ಯಾಪಾರಿಗಳು ಬಟ್ಟೆ, ಕೊಡಲಿ, ಹೆಂಡಗಳನ್ನು ಸಾಲವಾಗಿ ಕೊಟ್ಟು, ಎಂದೂ ತೀರದ ಲೆಕ್ಕ ಬರೆದು, ಗಂಡಸರನ್ನು ಕೆಳನಾಡಿನ ರಬ್ಬರ್ ಕಾಡುಗಳಿಗೆ ಎಳೆದೊಯ್ಯುತ್ತಿದ್ದರು. 1903ರಿಂದ 1905ರವರೆಗೆ ಈ ನದಿಗಳಲ್ಲಿ ಸಂಚರಿಸಿದ ಜರ್ಮನ್ ಜನಾಂಗವಿಜ್ಞಾನಿ ಥಿಯೊಡೋರ್ ಕೋಖ್-ಗ್ರೂನ್‌ಬರ್ಗ್ ಕಂಡದ್ದು ಹೆದರಿ ಹೊಳೆಯ ಮೇಲ್ದಂಡೆಗಳಿಗೆ ಸರಿಯುತ್ತಿದ್ದ ಜನರನ್ನು. ಈ ಹಿನ್ನೆಲೆಯನ್ನು ಬಿಟ್ಟು ಸಲೇಸಿಯನ್ನರ ಆಗಮನವನ್ನು ವಿವರಿಸಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಜನರು ಮಿಶನ್ನನ್ನು ಒಪ್ಪಿಕೊಂಡದ್ದು ದೇವರ ವಿಷಯದಲ್ಲಿ ಮನಸ್ಸು ತಿರುಗಿದ್ದರಿಂದ ಮಾತ್ರವಲ್ಲ. ಸಾಲಿಗನ ದೋಣಿ ಮತ್ತು ತಮ್ಮ ಮನೆಯ ನಡುವೆ ನಿಲ್ಲಬಲ್ಲ ಒಂದು ಶಕ್ತಿ ಅವರಿಗೆ ಬೇಕಾಗಿತ್ತು.

ಆ ಮನೆಯನ್ನು ಈಗ ನೋಡಬೇಕು. ನ್ಯೆಂಗಾತು ಮತ್ತು ಪೋರ್ಚುಗೀಸಿನಲ್ಲಿ ಅದರ ಹೆಸರು ಮಲೋಕಾ. ಕನ್ನಡದಲ್ಲಿ ದೊಡ್ಡಮನೆ ಎನ್ನುವುದೇ ಸರಿ. ಏಕೆಂದರೆ ನಮ್ಮಲ್ಲಿಯೂ ಆ ಪದ ಕಟ್ಟಡಕ್ಕೂ ವಂಶಕ್ಕೂ ಒಟ್ಟಿಗೆ ಸಲ್ಲುತ್ತದೆ. ನೆಲದವರೆಗೆ ಇಳಿಯುವ ತಾಳೆಗರಿಯ ಮಾಡು, ಎರಡು ಸಾಲು ಭಾರಿ ಕಂಬಗಳು, ನದಿಯ ಕಡೆಗೆ ಗಂಡಸರ ಬಾಗಿಲು, ಹಿಂಬದಿಯಲ್ಲಿ ಹೆಂಗಸರ ಬಾಗಿಲು. ಅಣ್ಣತಮ್ಮಂದಿರ ಸಂಸಾರಗಳು ಹಿಂಭಾಗದ ಎರಡೂ ಬದಿಗಳಲ್ಲಿ ಒಂದೊಂದು ಒಲೆಯ ಸುತ್ತ ಇರುತ್ತಿದ್ದವು. ನಡುವಣ ಜಾಗ ಕುಣಿತಕ್ಕೆ, ಊಟಕ್ಕೆ, ವಂಶಾವಳಿಯನ್ನು ಹಾಡುವುದಕ್ಕೆ. ಎಷ್ಟೋ ಮನೆಗಳಲ್ಲಿ ಸತ್ತವರನ್ನು ಹೂಳುವುದಕ್ಕೂ ಅದೇ ನೆಲ. ಮೂಲಪುರುಷರನ್ನು ಹೊಟ್ಟೆಯಲ್ಲಿ ಹೊತ್ತು ನದಿಯ ಮೇಲಕ್ಕೆ ಈಜಿ ಬಂದ ಮಹಾಸರ್ಪದ ಕಥೆ ಅಲ್ಲಿನ ಬಹುಪಾಲು ಕುಲಗಳಲ್ಲಿದೆ. ಮನೆಯ ರಚನೆಯನ್ನು ಆ ಸರ್ಪದ ದೇಹಕ್ಕೆ ಹೋಲಿಸುವುದೂ ಇದೆ.

ಈ ಮನೆಯಲ್ಲಿ ಮದುವೆಯ ನಿಯಮ ಭಾಷೆಯ ನಿಯಮವೂ ಆಗಿತ್ತು. ಒಬ್ಬನ ಭಾಷೆ ಎಂದರೆ ಅವನ ತಂದೆಯ ಭಾಷೆ. ಆ ಭಾಷೆಯನ್ನಾಡುವವರೆಲ್ಲರೂ ಒಡಹುಟ್ಟಿದವರಿದ್ದಂತೆ. ಆದ್ದರಿಂದ ಮದುವೆ ಬೇರೆ ಭಾಷೆಯವರೊಡನೆಯೇ ನಡೆಯಬೇಕು. ಕನ್ನಡದಲ್ಲಿ ನಾವು ಗೋತ್ರದ ಬಗೆಗೆ ಆಡುವ ಮಾತನ್ನು ಅವರು ನುಡಿಯ ಬಗೆಗೆ ಆಡುತ್ತಿದ್ದರು. ನಮ್ಮ ‘ತಾಯ್ನುಡಿ’ ಎಂಬ ಪದ ಅಲ್ಲಿ ತಲೆಕೆಳಗಾಗುತ್ತದೆ: ಅಸ್ಮಿತೆಯ ಭಾಷೆ ತಂದೆನುಡಿ, ತಾಯ್ನುಡಿ ಎಂದರೆ ತಾಯಿಯ ತವರಿನ ನುಡಿ, ಮಗು ಚೆನ್ನಾಗಿ ಬಲ್ಲ, ಆದರೆ ತನ್ನದೆಂದು ಹೇಳಿಕೊಳ್ಳದ ನುಡಿ. ದೊಡ್ಡಮ್ಮ, ಚಿಕ್ಕಮ್ಮಂದಿರು ಬೇರೆಬೇರೆ ಭಾಷೆಗಳ ಮನೆಗಳಿಂದ ಬಂದವರಾದ್ದರಿಂದ ಒಂದು ಮಲೋಕಾದಲ್ಲಿ ನಾಲ್ಕೈದು ನುಡಿಗಳು ದಿನವೂ ಕಿವಿಗೆ ಬೀಳುತ್ತಿದ್ದವು. 1967ರಲ್ಲಿ ಆರ್ಥರ್ ಸೊರೆನ್ಸನ್ ಪ್ರಕಟಿಸಿದ ಲೇಖನದ ಮೂಲಕ ಈ ವ್ಯವಸ್ಥೆ ಭಾಷಾವಿಜ್ಞಾನಿಗಳ ಗಮನಕ್ಕೆ ಬಂತು. ಮೂರು, ನಾಲ್ಕು ಅಥವಾ ಹೆಚ್ಚು ಭಾಷೆಗಳನ್ನು ಬಲ್ಲವರು ಅಲ್ಲಿ ಅಪವಾದವಲ್ಲ, ವಾಡಿಕೆ. ಎಲ್ಲರೂ ಈ ನಿಯಮಕ್ಕೆ ಒಳಪಟ್ಟವರಲ್ಲ ಎಂಬುದನ್ನೂ ಹೇಳಬೇಕು: ಕುಬೇವೊ ಜನರು ತಮ್ಮೊಳಗಿನ ಬಣಗಳ ನಡುವೆಯೇ ಮದುವೆಯಾಗುತ್ತಾರೆ, ಹುಪ್ ಮೊದಲಾದ ಕಾಡೊಳಗಿನ ಬೇಟೆಗಾರರು ಈ ಜಾಲದ ಹೊರಗಿದ್ದರು.

ಇಷ್ಟು ಬೆರೆತರೂ ಭಾಷೆಗಳು ಕಲಬೆರಕೆಯಾಗಲಿಲ್ಲ. ಬೇರೆಯ ಭಾಷೆಯ ಪದವನ್ನು ತಂದೆನುಡಿಯಲ್ಲಿ ಸೇರಿಸಿ ಆಡುವುದು ಹೀನಾಯವೆನಿಸುತ್ತಿತ್ತು. ಆದರೆ ಪದಗಳಿಗೆ ಕಾವಲಿಟ್ಟ ಕಡೆ ವ್ಯಾಕರಣ ಕಾವಲಿಲ್ಲದೆ ಒಳನುಗ್ಗಿತು. ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ ಅವರು ತರಿಯಾನಾ ಭಾಷೆಯನ್ನು ಕುರಿತು ಮಾಡಿದ ಅಧ್ಯಯನ ಇದನ್ನು ವಿವರವಾಗಿ ತೋರಿಸುತ್ತದೆ. ತರಿಯಾನಾ ಅರವಾಕ್ ಕುಲದ್ದು, ಅದರ ನೆರೆಯ ನುಡಿಗಳು ತುಕಾನೊ ಕುಲದವು. ತರಿಯಾನಾ ನೆರೆಯಿಂದ ಪದಗಳನ್ನು ಬಹುತೇಕ ಪಡೆಯಲಿಲ್ಲ. ಹೇಳುವ ಸಂಗತಿ ತನಗೆ ಹೇಗೆ ತಿಳಿಯಿತು ಎಂಬುದನ್ನು ಕ್ರಿಯಾಪದದಲ್ಲೇ ಸೂಚಿಸಬೇಕೆಂಬ ಕಟ್ಟನ್ನು ಪಡೆಯಿತು. ಕಣ್ಣಾರೆ ಕಂಡದ್ದು, ಕೇಳಿ ಅಥವಾ ಮುಟ್ಟಿ ಅರಿತದ್ದು, ಗುರುತಿನಿಂದ ಊಹಿಸಿದ್ದು, ಲೋಕಾನುಭವದಿಂದ ತರ್ಕಿಸಿದ್ದು, ಇತರರು ಹೇಳಿದ್ದು ಎಂದು ಐದು ಬಗೆ. ಕನ್ನಡದ ‘ಅಂತೆ’ ಐದನೆಯದಕ್ಕೆ ಮಾತ್ರ ಸಲ್ಲುತ್ತದೆ, ಅದೂ ನಮ್ಮಲ್ಲಿ ಕಡ್ಡಾಯವಲ್ಲ.

ಇಲ್ಲಿ ನಮ್ಮದೇ ಗಡಿಯ ಒಂದು ಊರನ್ನು ನೆನೆಯದಿರಲಾಗದು. ಜಾನ್ ಗುಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ‘ಕುಪ್ವಾರ್’ ಎಂಬ ಹೆಸರಿನಲ್ಲಿ ಜಗತ್ತಿನ ಭಾಷಾವಿಜ್ಞಾನದ ಪಠ್ಯಗಳಿಗೆಲ್ಲ ಹೊಕ್ಕ ಸಾಂಗ್ಲಿ ಜಿಲ್ಲೆಯ ಆ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಶತಮಾನಗಳಿಂದ ಒಟ್ಟಿಗೆ ಬಾಳಿವೆ. ಅಲ್ಲಿಯೂ ಪದಕೋಶಗಳು ಬೇರೆಬೇರೆ ಉಳಿದು ವಾಕ್ಯರಚನೆ ಒಂದಾಗಿದೆ. ‘ಇದು ನಿಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ಮುಗಿಯಬೇಕಾದ ಕನ್ನಡ ವಾಕ್ಯ ಅಲ್ಲಿ ಮರಾಠಿಯಂತೆ ಒಂದು ‘ಐತಿ’ಯನ್ನು ಬೇಡುತ್ತದೆ. ವೌಪೇಸನ್ನೂ ಕುಪ್ವಾರನ್ನೂ ಒಟ್ಟಿಗೆ ಉದಾಹರಿಸುವುದು ಭಾಷಾಸಂಪರ್ಕದ ಬರಹಗಳಲ್ಲಿ ವಾಡಿಕೆಯಾಗಿದೆ. ಆದರೆ ಎರಡರ ಸಾಮಾಜಿಕ ತಳಹದಿ ಒಂದಕ್ಕೊಂದು ವಿರುದ್ಧ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲವೆಂದು ನನಗೆ ತೋರುತ್ತದೆ. ಕುಪ್ವಾರದಲ್ಲಿ ಮನೆ ಏಕಭಾಷಿಕ, ಬೀದಿ ಬಹುಭಾಷಿಕ. ಮದುವೆ ಭಾಷೆಯ ಗಡಿಯನ್ನು ದಾಟುವುದಿಲ್ಲ, ಆದ್ದರಿಂದಲೇ ಒಲೆಯ ಬಳಿಯ ನುಡಿ ಬೇರೆಯಾಗಿ ಉಳಿಯಿತು. ವೌಪೇಸಿನಲ್ಲಿ ಮದುವೆ ಭಾಷೆಯ ಗಡಿಯನ್ನು ದಾಟಲೇಬೇಕು. ಬೀದಿಯೇ ಇಲ್ಲ, ಇರುವುದು ಮನೆ ಮಾತ್ರ. ಕುಪ್ವಾರದ ಬೀದಿ ಬದಲಾದರೂ ಮನೆಯಲ್ಲಿ ಕನ್ನಡ ಉಳಿಯಬಲ್ಲದು. ವೌಪೇಸಿನ ಮನೆ ಮುರಿದರೆ ನುಡಿಗೆ ಬೇರೆ ನೆಲೆಯಿಲ್ಲ.

ಸಲೇಸಿಯನ್ನರು ರಿಯೊ ನೆಗ್ರೊಗೆ ಬಂದದ್ದು 1914ರ ನಂತರ. ಮೊದಲು ನದಿಗಳನ್ನು ಸುತ್ತಿ ನೋಡಿದವರಲ್ಲಿ ಮಾತೊ ಗ್ರೊಸ್ಸೊದ ಬೊರೊರೊ ಜನರ ನಡುವೆ ಕೆಲಸ ಮಾಡಿ ಪಳಗಿದ್ದ ಜೊವಾನ್ನಿ ಬಾಲ್ಜೋಲಾ ಪ್ರಮುಖರು. ರಭಸದ ನೀರಿನ ಅಂಚಿನಲ್ಲಿರುವ ಸಾವ್ ಗೇಬ್ರಿಯೆಲ್ ಕೇಂದ್ರವಾಯಿತು. 1920ರ ದಶಕದಲ್ಲಿ ವೌಪೇಸಿನ ತರಕುವಾ, ದಶಕದ ಕೊನೆಯಲ್ಲಿ ಗಡಿಯಂಚಿನ ಯವರೆತೆ, 1940ರಲ್ಲಿ ತಿಕಿಯೆ ನದಿಯ ಪಾರಿ-ಕಾಶೋಯೆರಾ ಕೇಂದ್ರಗಳು ಹುಟ್ಟಿದವು. 1925ರಲ್ಲಿ ಪ್ರಿಫೆಕ್ಚರ್ ಪ್ರೆಲೇಚರ್ ಆಯಿತು. 1920ರ ದಶಕದ ಆರಂಭದಿಂದ 1960ರ ದಶಕದವರೆಗೆ ಪೆದ್ರೊ ಮಸ್ಸಾ ಎಂಬ ಒಬ್ಬನೇ ಅಧಿಕಾರಿ ಇದನ್ನು ನಡೆಸಿದ. ರಿಯೊ ದ ಜನೈರೊದ ಮಂತ್ರಿಗಳಿಂದ ಅನುದಾನ ತರುವುದರಲ್ಲಿ ಅವನಷ್ಟು ಚತುರರು ವಿರಳ. ಚರ್ಚು ಮತ್ತು ರಾಜ್ಯ ಸಾಂವಿಧಾನಿಕವಾಗಿ ಬೇರ್ಪಟ್ಟಿದ್ದ ದೇಶದಲ್ಲಿ ಗಡಿಯ ಮಿಶನ್‌ಗಳಿಗೆ ಸರ್ಕಾರದ ಹಣ ಹರಿಯಿತು. ಕಾರಣ ಸರಳ: ಪೋರ್ಚುಗೀಸ್ ಆಡುವ, ಬ್ರೆಜಿಲಿನ ಧ್ವಜಕ್ಕೆ ವಂದಿಸುವ ಪ್ರಜೆಗಳನ್ನು ಗಡಿಯಲ್ಲಿ ಅತಿ ಅಗ್ಗದಲ್ಲಿ ತಯಾರಿಸಿಕೊಡಬಲ್ಲವರು ಮಿಶನರಿಗಳೇ. 1937ರ ನಂತರ ವರ್ಗಾಸನ ಸರ್ವಾಧಿಕಾರವು ರಾಷ್ಟ್ರೀಕರಣದ ಹೆಸರಿನಲ್ಲಿ ದಕ್ಷಿಣದ ಜರ್ಮನ್, ಇಟಾಲಿಯನ್ ಶಾಲೆಗಳನ್ನು ಮುಚ್ಚಿಸಿತು. ಅದೇ ಹೊತ್ತಿನಲ್ಲಿ ಇಟಲಿಯಿಂದ ಬಂದ ಪಾದ್ರಿಗಳು ವೌಪೇಸಿನ ಮಕ್ಕಳಿಗೆ ಪೋರ್ಚುಗೀಸ್ ಕಲಿಸುತ್ತಿದ್ದರೆಂಬುದು ಚರಿತ್ರೆಯ ವಕ್ರತೆಗಳಲ್ಲೊಂದು. ನದಿಯ ಆಚೆ ದಡದಲ್ಲಿಯೂ ಇದೇ ಏರ್ಪಾಡು. 1902ರ ಮಿಶನ್ ಒಪ್ಪಂದದ ಮೂಲಕ ಕೊಲಂಬಿಯಾ ತನ್ನ ಕಾಡುನಾಡಿನ ಶಿಕ್ಷಣವನ್ನು ಮಿಶನರಿಗಳಿಗೆ ವಹಿಸಿತ್ತು. 1949ರಲ್ಲಿ ಅಲ್ಲಿ ಮಿತು ಪ್ರಿಫೆಕ್ಚರ್ ರಚನೆಯಾಯಿತು. ಈ ದಡದ ಮಗು ಪೋರ್ಚುಗೀಸ್ ಕಲಿತು ಬ್ರೆಜಿಲಿಗವಾಯಿತು, ಆ ದಡದ ಅದರ ಸೋದರಮಾವನ ಮಗು ಸ್ಪ್ಯಾನಿಷ್ ಕಲಿತು ಕೊಲಂಬಿಯನ್ ಆಯಿತು.

ಮಲೋಕಾಗಳನ್ನು ಕೆಡವಿಸುವ ಕೆಲಸ ಬಹುಬೇಗ ಶುರುವಾಯಿತು. ಕೊಟ್ಟ ಕಾರಣಗಳು ಎರಡು: ಅಲ್ಲಿ ಗಾಳಿ ಬೆಳಕಿಲ್ಲ, ರೋಗ ಹರಡುತ್ತದೆ, ಒಂದೇ ಮಾಡಿನಡಿ ಹಲವು ಸಂಸಾರಗಳು ಮಲಗುವುದು ಅನೀತಿ. 1927ರಲ್ಲಿ ಆದಿವಾಸಿ ರಕ್ಷಣಾ ಇಲಾಖೆಗಾಗಿ ಈ ನದಿಗಳನ್ನು ಸಮೀಕ್ಷಿಸಿದ ಕುರ್ಟ್ ನಿಮುಎಂಡಾಜು (ಜರ್ಮನಿಯಲ್ಲಿ ಹುಟ್ಟಿ, ಗುವರಾನಿ ಜನರು ಕೊಟ್ಟ ಹೆಸರನ್ನೇ ತನ್ನದಾಗಿಸಿಕೊಂಡವನು) ಈ ಕಾರಣಗಳನ್ನು ನಂಬಲಿಲ್ಲ. ದೊಡ್ಡಮನೆ ಹಳೆಯ ಸಮಾಜರಚನೆಯ ಸಂಕೇತವೂ ಅದರ ಕೋಟೆಯೂ ಆಗಿರುವುದೇ ಮಿಶನರಿಗಳ ವಿರೋಧಕ್ಕೆ ಮೂಲವೆಂದು ಅವನು ತನ್ನ ವರದಿಯಲ್ಲಿ ಬರೆದ. ನನ್ನ ಮಟ್ಟಿಗೆ ಇದು ಇಡೀ ಪ್ರಾಂತದ ಚರಿತ್ರೆಯ ಬಗೆಗೆ ಬರೆದವುಗಳಲ್ಲಿ ಅತ್ಯಂತ ನಿಖರವಾದ ಮಾತು. ಮನೆಯೊಡನೆ ಅದರ ಒಡವೆಗಳೂ ಹೋದವು: ಹಕ್ಕಿಗರಿಯ ಕಿರೀಟಗಳು, ಕುಣಿತದ ಆಭರಣಗಳು, ಪವಿತ್ರ ಕೊಳಲುಗಳು. ಕೆಲವನ್ನು ಸುಟ್ಟರು, ಕೆಲವು ವಸ್ತುಸಂಗ್ರಹಾಲಯಗಳಿಗೆ ಹೋದವು. ಮನೌಸಿನಲ್ಲಿ ಸಲೇಸಿಯನ್ ಸಂನ್ಯಾಸಿನಿಯರು ನಡೆಸಿದ ಸಂಗ್ರಹಾಲಯವೂ ಅವುಗಳಲ್ಲೊಂದು. 1960ರ ದಶಕದ ವೇಳೆಗೆ ಬ್ರೆಜಿಲಿನ ಬದಿಯಲ್ಲಿ ಮಲೋಕಾಗಳು ಹೆಚ್ಚುಕಡಿಮೆ ಇಲ್ಲವಾದವು. ಅವುಗಳ ಬದಲಿಗೆ ಇಗರ್ಜಿಯ ಸುತ್ತ ಸಾಲಾಗಿ ನಿಂತ, ಗಂಡಹೆಂಡಿರು ಮಕ್ಕಳು ಮಾತ್ರ ಇರುವ ಮಣ್ಣುಗೋಡೆಯ ಚಿಕ್ಕ ಮನೆಗಳು ಬಂದವು.

ಶಾಲೆಯ ಕಥೆ ಹೆಚ್ಚು ಪರಿಚಿತವಾದದ್ದು, ಬೇಗ ಹೇಳಿ ಮುಗಿಸಬಹುದು. ಹುಡುಗರಿಗೊಂದು, ಹುಡುಗಿಯರಿಗೊಂದು ವಸತಿಶಾಲೆ. ವರ್ಷದ ಬಹುಭಾಗ ಮಕ್ಕಳು ಅಲ್ಲಿಯೇ. ಪೋರ್ಚುಗೀಸ್ ಬಿಟ್ಟು ಬೇರೆ ನುಡಿ ಆಡಿದರೆ ಶಿಕ್ಷೆ. ಮಾನಿಯೊಕ್ ತೋಟದ ಕೆಲಸ, ಹೊಲಿಗೆ, ಬಡಗಿತನ ಮಕ್ಕಳ ದಿನಚರಿಯ ಭಾಗವಾಗಿದ್ದವು. ಅಕ್ಷರ, ಲೆಕ್ಕ, ಔಷಧೋಪಚಾರ ನಿಜವಾಗಿಯೂ ಸಿಕ್ಕವು. ಅಲ್ಲಿ ಓದಿದವರ ನೆನಪುಗಳಲ್ಲಿ ಕಹಿಯೂ ಕೃತಜ್ಞತೆಯೂ ಒಂದೇ ಮಾತಿನಲ್ಲಿ ಬರುವುದುಂಟು. ಅವೆರಡರಲ್ಲಿ ಒಂದನ್ನು ಆಯ್ದು ಇನ್ನೊಂದನ್ನು ತಳ್ಳಿಹಾಕುವ ಅಧಿಕಾರ ಇತಿಹಾಸಕಾರನಿಗಿಲ್ಲ.

ಈಗ ಪರಿಣಾಮವನ್ನು ನೋಡೋಣ. ಪೋರ್ಚುಗೀಸಿನ ಹೇರಿಕೆಯೇ ಮುಖ್ಯ ಕಾರಣವಾಗಿದ್ದರೆ ಎಲ್ಲ ಆದಿವಾಸಿ ನುಡಿಗಳೂ ಸಮನಾಗಿ ಕುಗ್ಗಿ ಪೋರ್ಚುಗೀಸ್ ಒಂದೇ ಬೆಳೆಯಬೇಕಿತ್ತು. ನಡೆದದ್ದು ಹಾಗಲ್ಲ. ಬೆಳೆದದ್ದು ತುಕಾನೊ. ಮಿಶನ್ ಕೇಂದ್ರಗಳ ಸುತ್ತ ಹಲವು ನುಡಿಗಳ ಜನರು ಒತ್ತೊತ್ತಾಗಿ ನೆಲೆಸಿದಾಗ ಸಂಖ್ಯೆಯಲ್ಲೂ ಪ್ರತಿಷ್ಠೆಯಲ್ಲೂ ಮುಂದಿದ್ದ ತುಕಾನೊ ಪರಸ್ಪರ ವ್ಯವಹಾರದ ಭಾಷೆಯಾಯಿತು. ಆದಿವಾಸಿ ಭಾಷೆಯೊಂದನ್ನು ಬಳಸಲೇಬೇಕಾದಾಗ ಪಾದ್ರಿಗಳೂ ಅದನ್ನೇ ಆಯ್ದುಕೊಂಡರು. ಯವರೆತೆ ತರಿಯಾನಾ ಜನರ ಪೂರ್ವಿಕರ ನೆಲ. ಅಲ್ಲಿ ಇಂದು ತರಿಯಾನಾ ಎಂದು ಗುರುತಿಸಿಕೊಳ್ಳುವವರಲ್ಲಿ ಬಹುಪಾಲು ಮಂದಿ ಆಡುವುದು ತುಕಾನೊ. 1990ರ ದಶಕದಲ್ಲಿ ಐಖೆನ್‌ವಾಲ್ಡ್ ಕೆಲಸ ಆರಂಭಿಸಿದಾಗ ತರಿಯಾನಾ ನುಡಿಯನ್ನು ಆಡುವವರು ಸುಮಾರು ನೂರು ಮಂದಿ, ಅದೂ ಎರಡು ಹಳ್ಳಿಗಳಲ್ಲಿ.

ಇದು ಆದ ಬಗೆಯನ್ನು ಮನೆಯ ನಕ್ಷೆಯಿಂದಲೇ ಓದಬಹುದು. ದೊಡ್ಡಮನೆಯಲ್ಲಿ ತಂದೆನುಡಿಗೆ ಒಬ್ಬ ತಂದೆಯಲ್ಲ, ಇಡೀ ಮೇಳವೇ ಇತ್ತು: ಅಜ್ಜ, ದೊಡ್ಡಪ್ಪ, ಚಿಕ್ಕಪ್ಪಂದಿರು, ಅವರ ಮಕ್ಕಳು. ಸೊಸೆಯಂದಿರು ತಂದ ನುಡಿಗಳು ಹಲವು, ಆದ್ದರಿಂದ ಅವುಗಳಲ್ಲಿ ಯಾವೊಂದೂ ಆ ಮೇಳವನ್ನು ಮೀರುತ್ತಿರಲಿಲ್ಲ. ಚಿಕ್ಕ ಮನೆಯಲ್ಲಿ ತಂದೆ ಒಬ್ಬನೇ. ಕೂಲಿಗಾಗಿ, ರಬ್ಬರಿಗಾಗಿ, ಮುಂದೆ ಸೈನ್ಯದ ಕಟ್ಟಡಗಳ ಕೆಲಸಕ್ಕಾಗಿ ಅವನು ತಿಂಗಳುಗಟ್ಟಲೆ ದೂರ. ಮಗುವಿನೊಡನೆ ಉಳಿಯುವವಳು ತಾಯಿ, ಅವಳ ನುಡಿ ಎಷ್ಟೋ ವೇಳೆ ತುಕಾನೊ. ಸರ್ಕಾರವೂ ಪಾದ್ರಿಯೂ ನಿಷೇಧಿಸದೆಯೇ, ಯಾರೂ ತ್ಯಜಿಸಲು ನಿರ್ಧರಿಸದೆಯೇ, ಒಂದೆರಡು ತಲೆಮಾರಿನಲ್ಲಿ ತಂದೆನುಡಿ ಕೈಬಿಟ್ಟಿತು. ನಮ್ಮ ಲೆಕ್ಕದಲ್ಲಿ ಅಲ್ಲಿ ತಾಯ್ನುಡಿ ಗೆದ್ದಿತು. ಅವರ ಲೆಕ್ಕದಲ್ಲಿ ಮಗು ತನ್ನ ನುಡಿಯನ್ನು ಕಳೆದುಕೊಂಡಿತು. ಭಾಷಾಹಕ್ಕಿನ ಚರ್ಚೆಗಳಲ್ಲಿ ‘ಮಾತೃಭಾಷೆ’ ಎಂಬ ಪದವನ್ನು ಸಾರ್ವತ್ರಿಕವೆಂದು ಹಿಡಿದು ಮಾತನಾಡುವ ನಾವು ಈ ಪ್ರಕರಣದ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಮಿಶನರಿಗಳು ಈ ಭಾಷೆಗಳನ್ನು ಕಡೆಗಣಿಸಿದರೆಂದು ಹೇಳುವಂತೆಯೂ ಇಲ್ಲ. ಆಂಟೋನಿಯೊ ಜಕೋನೆ ಎಂಬ ಸಲೇಸಿಯನ್ ಪಾದ್ರಿ 1939ರಲ್ಲಿ ತುಕಾನೊ ಭಾಷೆಯ ಕಿರು ವ್ಯಾಕರಣವನ್ನೂ ಶಬ್ದಕೋಶವನ್ನೂ ಪ್ರಕಟಿಸಿದರು. 1962ರಲ್ಲಿ ತರಿಯಾನಾ ಭಾಷೆಗೂ ಅಂಥದೊಂದನ್ನು ಬರೆದರು. ಅದ��� ವರ್ಷ ಅಲ್ಸಿಯೊನಿಲಿಯೊ ಬ್ರುತ್ಸಿ ಅವರ ವೌಪೇಸ್ ಸಂಸ್ಕೃತಿಯ ಬೃಹದ್ಗ್ರಂಥ ಹೊರಬಂತು; ತಮ್ಮ ಸಭೆಯೇ ಕೆಡವಿದ ಮನೆಗಳ ಅಳತೆಗಳನ್ನು ಶ್ರದ್ಧೆಯಿಂದ ದಾಖಲಿಸಿದ ಗ್ರಂಥವದು. ವಸತಿಶಾಲೆಯಲ್ಲಿ ಮೌನವಾಗುತ್ತಿದ್ದ ನುಡಿ ಪಾದ್ರಿಯ ಮೇಜಿನ ಮೇಲೆ ವ್ಯಾಕರಣವಾಗುತ್ತಿತ್ತು. ಆ ಪುಸ್ತಕಗಳು ಇಂದು ಬೆಲೆಬಾಳುವ ಆಕರಗಳು. ಆದರೆ ಬರೆದಿಡುವುದು ಬೇರೆ, ಬಾಳಗೊಡುವುದು ಬೇರೆ.

ಇಸಾನಾ ನದಿಯ ಅನುಭವ ಇದರ ಮಗ್ಗುಲಿಗಿಡಬೇಕಾದದ್ದು. ಅಲ್ಲಿಗೆ 1940ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಕಡೆಯಿಂದ ಬಂದ ಅಮೆರಿಕದ ಪ್ರೊಟೆಸ್ಟೆಂಟ್ ಪ್ರಚಾರಕಿ ಸೋಫಿ ಮುಲ್ಲರ್ ಬನೀವಾ ಮತ್ತು ಕುರಿಪಾಕೊ ಜನರಿಗೆ ಅವರವರ ನುಡಿಯಲ್ಲೇ ಓದುಬರಹ ಕಲಿಸಿದರು, ಹೊಸ ಒಡಂಬಡಿಕೆಯನ್ನು ಅನುವಾದಿಸಿದರು. ಅವರು ಕೂಡ ಕುಣಿತ, ಕೊಳಲು, ಮಂತ್ರವಾದಗಳನ್ನು ಬಿಡಿಸಿದರು. ಈ ವಿಷಯದಲ್ಲಿ ಕ್ಯಾಥೊಲಿಕರಿಗಿಂತ ಕಠೋರರಾಗಿದ್ದರು ಎನ್ನಬಹುದು. ಅವರನ್ನು ತಡೆಯಲೆಂದೇ ಸಲೇಸಿಯನ್ನರು 1950ರ ದಶಕದಲ್ಲಿ ಇಸಾನಾದಲ್ಲಿ ಕೇಂದ್ರ ತೆರೆದರು. ಆದರೆ ಬನೀವಾ ನುಡಿ ಉಳಿಯಿತು, ಬರಹದ ನುಡಿಯೂ ಆಯಿತು. ಆಚರಣೆ ಸತ್ತರೂ ನುಡಿ ಬದುಕಬಹುದು, ನುಡಿಯನ್ನು ಗೌರವಿಸಿದ ಮಾತ್ರಕ್ಕೆ ಸಂಸ್ಕೃತಿಯನ್ನು ಗೌರವಿಸಿದಂತಾಗದು ಎಂಬ ಎರಡೂ ಪಾಠಗಳು ಒಂದೇ ನದಿಯಲ್ಲಿವೆ.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಚರ್ಚಿನೊಳಗೇ ಗಾಳಿ ತಿರುಗಿತು. 1972ರಲ್ಲಿ ಬ್ರೆಜಿಲಿನ ಧರ್ಮಾಧ್ಯಕ್ಷರು ಆದಿವಾಸಿ ಮಿಶನರಿ ಪರಿಷತ್ತನ್ನು ಸ್ಥಾಪಿಸಿದರು. ಆದಿವಾಸಿಗಳ ನೆಲದ ಹಕ್ಕಿನ ಪರವಾಗಿ ಅದು ಗಟ್ಟಿಯಾಗಿ ನಿಂತಿತು. ರಿಯೊ ನೆಗ್ರೊಗೆ 1980 ನಿರ್ಣಾಯಕ ವರ್ಷ. ಆ ವರ್ಷ ದೆಸಾನಾ ಜನರ ಸೃಷ್ಟಿಕಥನ ಪುಸ್ತಕವಾಗಿ ಬಂತು: ತಂದೆ ಹೇಳಿದ್ದು, ಮಿಶನ್ ಶಾಲೆಯಲ್ಲಿ ಅಕ್ಷರ ಕಲಿತ ಮಗ ಬರೆದಿಟ್ಟದ್ದು. ಬ್ರೆಜಿಲಿನ ಆದಿವಾಸಿಗಳು ತಾವೇ ಕರ್ತೃಗಳಾಗಿ ಪ್ರಕಟಿಸಿದ ಮೊದಲ ಪುಸ್ತಕಗಳಲ್ಲಿ ಅದು ಒಂದು. ಜನಾಂಗವಿಜ್ಞಾನಿ ಬೆರ್ತಾ ರಿಬೈರೊ ಅದರ ಪ್ರಕಟಣೆಗೆ ನೆರವಾದರು. ಲಿಥುವೇನಿಯಾ ಮೂಲದ ಸಲೇಸಿಯನ್ ಪಾದ್ರಿ ಕಾಸಿಮಿರೊ ಬೆಕ್ಸ್ತಾ ಅದಕ್ಕೂ ಮುಂಚೆ ಪ್ರೋತ್ಸಾಹ ಕೊಟ್ಟಿದ್ದರು. ಅದೇ ವರ್ಷದ ಕೊನೆಯಲ್ಲಿ ಹಾಲೆಂಡಿನ ರಾಟರ್‌ಡಾಮಿನಲ್ಲಿ ಸೇರಿದ ನಾಲ್ಕನೆಯ ರಸೆಲ್ ನ್ಯಾಯಮಂಡಳಿಯ ಮುಂದೆ ಸಲೇಸಿಯನ್ನರ ಮೇಲೆ ಸಂಸ್ಕೃತಿನಾಶದ ಆಪಾದನೆ ಬಂತು. ಸಾಕ್ಷಿ ನುಡಿದ ಆಲ್ವಾರೊ ಸಂಪಾಯೊ ತುಕಾನೊ ಮಿಶನ್ ಶಾಲೆಯಲ್ಲಿಯೇ ಓದಿದವರು. ಆ ಹೊತ್ತಿಗೆ ಪ್ರೆಲೇಚರ್ ಪೂರ್ಣ ಧರ್ಮಪ್ರಾಂತವಾಗುತ್ತಿತ್ತು. ಸರ್ಕಾರದ ಅನುದಾನ ಕುಗ್ಗಿ, 1980ರ ದಶಕದಲ್ಲಿ ವಸತಿಶಾಲೆಗಳು ಒಂದೊಂದಾಗಿ ಮುಚ್ಚಿದವು.

ಮುಂದಿನ ಘಟನೆಗಳು ವೇಗವಾಗಿ ಜರುಗಿದವು. 1987ರಲ್ಲಿ ರಿಯೊ ನೆಗ್ರೊ ಆದಿವಾಸಿ ಸಂಘಟನೆಗಳ ಒಕ್ಕೂಟ ಹುಟ್ಟಿತು. 1988ರ ಸಂವಿಧಾನ ಆದಿವಾಸಿಗಳ ಭಾಷೆಗಳನ್ನೂ ನೆಲದ ಹಕ್ಕನ್ನೂ ಮಾನ್ಯ ಮಾಡಿತು. 1998ರಲ್ಲಿ ಒಂದಕ್ಕೊಂದು ತಾಗಿದ ಐದು ಆದಿವಾಸಿ ಪ್ರದೇಶಗಳ ಗಡಿ ಗುರುತಾಯಿತು, ಒಟ್ಟು ಒಂದು ಕೋಟಿ ಹೆಕ್ಟೇರಿಗೂ ಹೆಚ್ಚು. 2002ರ ಡಿಸೆಂಬರ್‌ನಲ್ಲಿ ಸಾವ್ ಗೇಬ್ರಿಯೆಲ್ ದ ಕಾಶೋಯೆರಾ ಪುರಸಭೆ ತನ್ನ 145ನೆಯ ಕಾನೂನಿನ ಮೂಲಕ ಪೋರ್ಚುಗೀಸಿನ ಜೊತೆಗೆ ನ್ಯೆಂಗಾತು, ತುಕಾನೊ, ಬನೀವಾ ಭಾಷೆಗಳನ್ನು ಸಹ-ಅಧಿಕೃತವೆಂದು ಸಾರಿತು. ಬ್ರೆಜಿಲಿನಲ್ಲಿ ಅಂಥ ಕಾನೂನು ಅದೇ ಮೊದಲು. ಅದರ ಜಾರಿಯ ನಿಯಮಗಳು ಬಂದದ್ದು 2006ರಲ್ಲಿ. ಕಚೇರಿಗಳಲ್ಲಿ ಅನುವಾದಕರನ್ನು ನೇಮಿಸುವ ಕೆಲಸ ಕುಂಟುತ್ತಲೇ ಸಾಗಿದೆ. ಭಾಷಾ ಅಲ್ಪಸಂಖ್ಯಾತರ ಕಾನೂನುಗಳನ್ನು ಕಾಗದದ ಮೇಲೂ ಕಚೇರಿಯ ಕಿಟಕಿಯಲ್ಲೂ ಕಂಡಿರುವ ಕಾಸರಗೋಡಿನ ಓದುಗರಿಗೆ ಇದು ಹೊಸ ಸಂಗತಿಯಲ್ಲ.

ಕಾನೂನು ಆಯ್ದ ಮೂರು ಭಾಷೆಗಳನ್ನು ಗಮನಿಸಬೇಕು. ನ್ಯೆಂಗಾತು ಜೆಸ್ವಿಟ್ ಮಿಶನ್‌ಗಳ ಕೊಡುಗೆ. ತುಕಾನೊ ಸಲೇಸಿಯನ್ ಕೇಂದ್ರಗಳ ಸುತ್ತ ಹಬ್ಬಿ ದೊಡ್ಡದಾದ ನುಡಿ. ಬನೀವಾ ಪ್ರೊಟೆಸ್ಟೆಂಟ್ ಪ್ರಚಾರದ ನೆರಳಿನಲ್ಲಿ ಲಿಪಿ ಪಡೆದ ನುಡಿ. ಮೂರು ಮಿಶನ್‌ಗಳು ಬೇರೆಬೇರೆ ಕಾಲದಲ್ಲಿ ಗೀಚಿದ ನಕ್ಷೆ ಇಂದು ಆದಿವಾಸಿ ಹಕ್ಕಿನ ನಕ್ಷೆಯಾಗಿದೆ. ಇದನ್ನು ಮಿಶನ್‌ಗಳ ಸಮರ್ಥನೆಯಾಗಿ ಓದುವವರಿದ್ದಾರೆ. ನಾನು ಹಾಗೆ ಓದಲಾರೆ. ಒಕ್ಕೂಟವನ್ನು ಕಟ್ಟಿದವರು ಮಿಶನ್ ಕೊಟ್ಟ ಅಕ್ಷರವನ್ನು ಮಿಶನ್ ಎಣಿಸದ ಕೆಲಸಕ್ಕೆ ಬಳಸಿದರು. ಅದರ ಶ್ರೇಯಸ್ಸು ಬಳಸಿದವರದು.

ತರಿಯಾನಾ ಆ ಪಟ್ಟಿಯಲ್ಲಿಲ್ಲ. ಕೊತಿರಿಯಾ, ದೆಸಾನಾ, ತುಯುಕಾಗಳೂ ಇಲ್ಲ. 2006ರಲ್ಲಿ ಬ್ರೆಜಿಲಿನ ರಾಷ್ಟ್ರೀಯ ಪರಂಪರೆ ಸಂಸ್ಥೆ ಯವರೆತೆಯ ಜಲಪಾತವನ್ನು ವೌಪೇಸ್ ಮತ್ತು ಪಾಪುರಿ ನದಿಗಳ ಜನರ ಪವಿತ್ರ ಸ್ಥಳವೆಂದು ತನ್ನ ‘ಸ್ಥಳಗಳ ಪುಸ್ತಕ’ದಲ್ಲಿ ಮೊದಲ ನಮೂದಾಗಿ ದಾಖಲಿಸಿತು. ಅಲ್ಲಿನ ಬಂಡೆಗಳೂ ಮಡುಗಳೂ ಒಂದೊಂದು ಪೂರ್ವಿಕರ ಕಥೆಯ ಒಂದೊಂದು ಘಟನೆಯ ನೆಲೆ. ಆ ಕಥೆಗಳನ್ನು ಹೇಳುವ ಹಕ್ಕಿನ ಮುಖ್ಯ ವಾರಸುದಾರರು ತರಿಯಾನಾ ಹಿರಿಯರು. ಮನೌಸಿನ ಸಂಗ್ರಹಾಲಯದಲ್ಲಿದ್ದ ಕುಣಿತದ ಆಭರಣಗಳನ್ನು ಊರಿಗೆ ಮರಳಿ ತರಿಸಿಕೊಳ್ಳುವ ಪ್ರಯತ್ನವೂ ಅದೇ ಕಾಲದಲ್ಲಿ ನಡೆಯಿತು. ಜಲಪಾತದ ಪಕ್ಕದಲ್ಲಿ ಮಿಶನ್ನಿನ ಕಟ್ಟಡಗಳು ಈಗಲೂ ನಿಂತಿವೆ. ಬಂಡೆಗಳ ಕಥೆಯನ್ನು ಹಿರಿಯರು ಮೊಮ್ಮಕ್ಕಳಿಗೆ ಹೇಳುವುದು ಹೆಚ್ಚಾಗಿ ತುಕಾನೊ ನುಡಿಯಲ್ಲಿ.